ಮನೆವಾರ್ತೆಯ ಲೆಕ್ಕ: ಮುಂಬಯಿಯ ಕಾನ್ವೆಂಟ್ ಶಾಲೆಯಲ್ಲಿ ಭೂಗೋಳದ ಒಂದು ವರ್ಷ

ಹತ್ತು ಸೆಂಟಿಮೀಟರ್ ವ್ಯಾಸದ ಒಂದು ಪ್ಲಾಸ್ಟಿಕ್ ಆಲಿಕೆ, ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್, ಕೆಮಿಸ್ಟ್ರಿ ಲ್ಯಾಬಿನಿಂದ ಕೇಳಿ ತಂದ 250 ಮಿಲಿಲೀಟರಿನ ಅಳತೆ ಜಾಡಿ. ಜೂನ್ ಮಧ್ಯದಲ್ಲಿ ಶಾಲೆ ತೆರೆದಾಗ ಒಂಬತ್ತನೇ ತರಗತಿಯ ಭೂಗೋಳ ಶುರುವಾಗುವುದು ಇಷ್ಟರಿಂದ. ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ಹಾಗಾಗಿ ಪುಸ್ತಕಕ್ಕೆ ರಟ್ಟು ಹಾಕುವ ಮೊದಲೇ ಮಳೆ ಬಂದಿರುತ್ತದೆ, ಅಳೆಯುವುದಕ್ಕೆ ಕಾಯಬೇಕಾಗಿಲ್ಲ.

ಈ ಊರಿನ ಕ್ಯಾಥೊಲಿಕ್ ಶಾಲೆಗಳಲ್ಲಿ ಕನ್ನಡದ ಮನೆಗಳ ಮಕ್ಕಳು ಮೊದಲಿನಿಂದಲೂ ಇದ್ದಾರೆ. ಉಡುಪಿ, ಕುಂದಾಪುರದಿಂದ ಹೋಟೆಲಿಗೆ ಬಂದವರ ಮಕ್ಕಳು, ಮಂಗಳೂರಿನ ಕೊಂಕಣಿ ಕ್ರೈಸ್ತರ ಮಕ್ಕಳು, ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಾಲಕರ ಸಭೆಯಲ್ಲಿ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಭೂಗೋಳಕ್ಕೆ ಇಷ್ಟೊಂದು ಪ್ರಾಜೆಕ್ಟ್ ಯಾಕೆ? ಈ ಪರಿಸರದ ಕೆಲಸ ಏನು, ಬೈಬಲ್ ಪಾಠವೇ? ಎರಡನೆಯದಕ್ಕೆ ಚಿಕ್ಕ ಉತ್ತರ: ಅಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ತೀರ್ಪಿನಿಂದ ಪರಿಸರ ಶಿಕ್ಷಣ ಎಲ್ಲ ಶಾಲೆಗಳಿಗೂ ಬಂದಿದೆ. ಮಹಾರಾಷ್ಟ್ರ ಬೋರ್ಡಿನಲ್ಲಿ ಒಂಬತ್ತು, ಹತ್ತಕ್ಕೆ 'ಜಲಸುರಕ್ಷಾ' ಎಂಬ ವಿಷಯವೇ ಬೇರೆ ಇದೆ. ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ ಇಲ್ಲ. ಜೂನಿನಿಂದ ಮಾರ್ಚಿನವರೆಗೆ ಏನೇನು ನಡೆಯುತ್ತದೆ, ಎಲ್ಲೆಲ್ಲಿ ಕೆಡುತ್ತದೆ ಎಂದು ಹೇಳುವುದೇ ಅದಕ್ಕೆ ಉತ್ತರ.

ಮೊದಲು ಮಳೆ. ಆಲಿಕೆಯ ಬಾಯಿಯ ಅಗಲ 10 ಸೆಂ.ಮೀ. ಆದರೆ ಅದರ ವಿಸ್ತೀರ್ಣ 78.5 ಚದರ ಸೆಂ.ಮೀ. ಒಂದು ಮಿಲಿಮೀಟರ್ ಮಳೆ ಬಿದ್ದರೆ ಕ್ಯಾನಿಗೆ ಇಳಿಯುವುದು 7.85 ಮಿಲಿಲೀಟರ್ ನೀರು. ಜಾಡಿಯಲ್ಲಿ ಅಳೆದ ಮಿಲಿಲೀಟರನ್ನು 7.85ರಿಂದ ಭಾಗಿಸಿದರೆ ಮಳೆಯ ಮಿಲಿಮೀಟರ್ ಸಿಕ್ಕಿತು. ಎರಡು ಲೀಟರಿನ ತಂಪುಪಾನೀಯದ ಬಾಟಲಿಯ ತಲೆ ಕತ್ತರಿಸಿ, ಮಗುಚಿ ಕೂರಿಸಿ, ಹೊರಗೆ ಸ್ಕೇಲ್ ಅಂಟಿಸುವ ವಿಧಾನ ಎಲ್ಲ ಪುಸ್ತಕದಲ್ಲೂ ಇದೆ. ಮುಂಬಯಿಗೆ ಅದು ಸಾಲದು. ಬಾಟಲಿಯ ತಳ ಉಬ್ಬುತಗ್ಗು, ಅದನ್ನು ಕಲ್ಲು, ನೀರು ತುಂಬಿ ಸಮ ಮಾಡಿಕೊಂಡರೆ ನೆಟ್ಟಗೆ ಉಳಿಯುವ ಭಾಗ ಹದಿನೈದು ಸೆಂಟಿಮೀಟರಿನ ಆಸುಪಾಸು. ಅಂದರೆ 150 ಮಿ.ಮೀ. ಆದ ಮೇಲೆ ತುಂಬಿ ಚೆಲ್ಲುತ್ತದೆ, ಜುಲೈಯ ಒಂದೇ ರಾತ್ರಿಗೆ ಅಷ್ಟು ಬೀಳುವುದು ಇಲ್ಲಿ ಹೊಸತಲ್ಲ. ಕ್ಯಾನಿನಲ್ಲಿ 637 ಮಿ.ಮೀ. ಹಿಡಿಯುತ್ತದೆ. 2005ರ ಜುಲೈ 26ರ ಮಳೆಗೆ ಅದೂ ಸಾಲುತ್ತಿರಲಿಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗೆ ದಾಖಲಾದದ್ದು 944 ಮಿ.ಮೀ., ನಮ್ಮ ಆಲಿಕೆಯ ಕೆಳಗೆ ಏಳೂವರೆ ಲೀಟರಿನ ಪಾತ್ರೆಯೇ ಬೇಕಾಗುತ್ತಿತ್ತು. ಆ ಒಂದು ಗುಣಾಕಾರವನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇವೆ. ಅವರು ಹುಟ್ಟುವ ಮೊದಲಿನ ಆ ದಿನದ ಬಗ್ಗೆ ಮನೆಯಲ್ಲಿ ಎಷ್ಟು ಕೇಳಿದ್ದರೂ, ಐದು ಲೀಟರಿನ ಕ್ಯಾನ್ ತುಂಬಿ ಚೆಲ್ಲುವ ಲೆಕ್ಕ ಬಂದಾಗಲೇ ಅವರ ಹುಬ್ಬು ಏರುವುದು.

ಕ್ಯಾನನ್ನು ಇಡುವ ಜಾಗದ್ದೇ ದೊಡ್ಡ ತಲೆನೋವು. ಹತ್ತಿರದ ಗೋಡೆ ಅಥವಾ ಮರದ ಎತ್ತರ ಎಷ್ಟೋ ಅದರ ಎರಡು ಪಟ್ಟು ದೂರದಲ್ಲಿ ಇಡಬೇಕು ಎನ್ನುವುದು ನಿಯಮ. ನಾಲ್ಕು ಮಾಳಿಗೆಯ ಶಾಲೆ, ಆಚೆ ಇಪ್ಪತ್ತು ಮಾಳಿಗೆಯ ಟವರ್ ಇರುವಲ್ಲಿ ಅಂಥ ಜಾಗ ಎಲ್ಲಿಂದ ತರುವುದು? ತಾರಸಿಯ ಮೇಲೆ ಇಟ್ಟರೆ ಗಾಳಿ ಮಳೆಯನ್ನು ಆಲಿಕೆಯ ಮೇಲಿಂದ ಹಾರಿಸಿಕೊಂಡು ಹೋಗಿ ಲೆಕ್ಕ ಕಡಿಮೆ ಬರುತ್ತದೆ. ಆಟದ ಬಯಲಿನ ನಡುವೆ ಇಟ್ಟರೆ ಫುಟ್‌ಬಾಲ್ ತಾಗುತ್ತದೆ. ಕೊನೆಗೆ ಒಪ್ಪಿಕೊಂಡದ್ದು ಬಯಲಿನ ಒಂದು ಮೂಲೆ, ಇಟ್ಟಿಗೆ ಕಟ್ಟಿ, ಆಲಿಕೆಯ ಅಂಚು ನೆಲದಿಂದ 30 ಸೆಂ.ಮೀ. ಮೇಲೆ. ಅದಕ್ಕಿಂತ ಕೆಳಗಿದ್ದರೆ ನೆಲಕ್ಕೆ ಬಡಿದ ಹನಿ ಸಿಡಿದು ಒಳಗೆ ಬೀಳುತ್ತದೆ. ಜಾಗ ಪೂರ್ತಿ ಸರಿಯಿಲ್ಲದಿದ್ದರೆ ಅದನ್ನೇ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ನಕ್ಷೆ ಸಮೇತ ಬರೆದಿಡಬೇಕು. ಪ್ರಾಜೆಕ್ಟಿಗೆ ಅಂಕ ಕೊಡುವಾಗ ನಾವು ಮೊದಲು ನೋಡುವುದು ಆ ಪುಟ.

ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರು, ಮರುದಿನ 8.30ಕ್ಕೆ ಮುಕ್ತಾಯ. ಮಕ್ಕಳೂ ಆ ಹೊತ್ತಿಗೇ ಅಳೆದರೆ ಸಾಂತಾಕ್ರೂಜ್, ಕೊಲಾಬಾದ ಅಂಕಿಗಳ ಪಕ್ಕದಲ್ಲಿ ಇಡಬಹುದು. 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5ರಿಂದ ಮೇಲೆ ಅತ್ಯಂತ ಭಾರಿ. ಟಿವಿಯಲ್ಲಿ ಬರುವ ರೆಡ್ ಅಲರ್ಟಿನ ಹಿಂದಿರುವ ಅಂಕಿಗಳು ಇವೇ. ಭಾನುವಾರ ಯಾರೂ ಅಳೆಯುವುದಿಲ್ಲ. ಸೋಮವಾರ ಸಿಕ್ಕ ನೀರನ್ನು ಎರಡು ದಿನಕ್ಕೆ ಸಮ ಪಾಲು ಮಾಡಿ ಬರೆಯುವುದು ಮಕ್ಕಳ ಸಾಮಾನ್ಯ ತಪ್ಪು. '48 ಗಂಟೆಯ ಮೊತ್ತ' ಎಂದೇ ಬರೆಯಬೇಕು. ರಜೆ ಇದ್ದ ದಿನಕ್ಕೆ ಊಹಿಸಿ ಅಂಕಿ ತುಂಬಿದ್ದು ಗೊತ್ತಾಗುವುದು ಬಹಳ ಸುಲಭ. ಊಹೆಯ ಅಂಕಿಗಳೆಲ್ಲ ಐದು, ಹತ್ತರಲ್ಲಿ ಕೊನೆಗೊಳ್ಳುತ್ತವೆ!

ಆ ಮಳೆಯ ಪುಸ್ತಕ ಹತ್ತನೇ ತರಗತಿಯಲ್ಲಿ ಇನ್ನೊಂದು ಕೆಲಸಕ್ಕೆ ಬರುತ್ತದೆ. ಮಹಾರಾಷ್ಟ್ರ ಬೋರ್ಡಿನ ಹತ್ತನೇ ಭೂಗೋಳ ಪೂರ್ತಿ ಭಾರತ ಮತ್ತು ಬ್ರೆಜಿಲ್‌ನ ಹೋಲಿಕೆ. ಬ್ರೆಜಿಲ್‌ನ ಈಶಾನ್ಯದಲ್ಲಿ ಕಡಿಮೆ ಮಳೆಯ 'ಬರ ಚತುರ್ಭುಜ' ಯಾಕಿದೆ ಎಂಬ 'ಕಾರಣ ಕೊಡಿ' ಪ್ರಶ್ನೆಯನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಉಡುಪಿಯ ಹುಡುಗಿ, ವಿಜಯಪುರದ ಹುಡುಗ ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅವಳ ಅಜ್ಜಿಯ ಮನೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ದಾಟುವ ಮಳೆ. ಅವನ ಊರಿನಲ್ಲಿ ಸುಮಾರು 600. ನಡುವೆ ನಿಂತಿರುವುದು ಘಟ್ಟ. ಸಮುದ್ರದ ಗಾಳಿ ಘಟ್ಟ ಏರುವಾಗ ತಣ್ಣಗಾಗಿ ನೀರು ಸುರಿಸುತ್ತದೆ, ಆಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಬ್ರೆಜಿಲ್‌ನ ಕರಾವಳಿಯ ಕಡಿದಾದ ಅಂಚು ಮಾಡುವುದೂ ಇದನ್ನೇ. ಈ ಇಬ್ಬರನ್ನು ಎದ್ದು ನಿಲ್ಲಿಸಿ ಊರ ಮಳೆಗಾಲದ ಬಗ್ಗೆ ಎರಡು ಮಾತು ಹೇಳಿಸಿದರೆ ಮುಂಬಯಿಯಲ್ಲೇ ಹುಟ್ಟಿದ ಉಳಿದವರಿಗೆ ಮಳೆಯ ನೆರಳು ಏನೆಂದು ತಿಳಿಯುತ್ತದೆ.

ನಕ್ಷೆಯ ಪಾಠದಲ್ಲಿ ಬೋರ್ಡಿನಿಂದ ಬೋರ್ಡಿಗೆ ವ್ಯತ್ಯಾಸ ಇದೆ. ಮಹಾರಾಷ್ಟ್ರ ಬೋರ್ಡಿನಲ್ಲಿ ಭೂಗೋಳಕ್ಕೆ 40 ಅಂಕ, ಎರಡು ಗಂಟೆ. ಹೊರರೇಖೆಯ ನಕ್ಷೆ ಕೈಗೆ ಕೊಡುತ್ತಾರೆ, ತುಂಬಬೇಕಾದ್ದು ಸ್ಥಳ ಮತ್ತು ಸೂಚಿ, ಅಂದರೆ ಯಾವ ಗುರುತು ಏನು ಎಂಬ ಪಟ್ಟಿ. ಅಂಕ ಹೋಗುವುದು ಸ್ಥಳ ತಪ್ಪಿ ಅಲ್ಲ, ಸೂಚಿ ಬರೆಯಲು ಮರೆತು. ಐಸಿಎಸ್‌ಇ ಇರುವ ಶಾಲೆಯಲ್ಲಿ 80 ಅಂಕದ ಪತ್ರಿಕೆ, 20 ಶಾಲೆಯ ಕೈಯಲ್ಲಿ, ಮೊದಲ ಕಡ್ಡಾಯ ಪ್ರಶ್ನೆಯೇ ಟೋಪೋಶೀಟ್, ಅಂದರೆ ನೆಲದ ಏರುತಗ್ಗು, ಹಳ್ಳ, ದಾರಿ ಎಲ್ಲ ತೋರಿಸುವ ನಕ್ಷೆ. ಹಲವು ವರ್ಷಗಳಿಂದ ಓದಿಸುತ್ತಿರುವುದು ಸರ್ವೆ ಆಫ್ ಇಂಡಿಯಾದ 45ಡಿ/7, 45ಡಿ/10 ಶೀಟುಗಳನ್ನು. ಇವು ರಾಜಸ್ಥಾನ, ಗುಜರಾತ್ ಗಡಿಯ ಒಣ ನಾಡು. 1:50,000 ಪ್ರಮಾಣ, ಅಂದರೆ ಶೀಟಿನ ಎರಡು ಸೆಂಟಿಮೀಟರಿಗೆ ನೆಲದ ಒಂದು ಕಿಲೋಮೀಟರ್. ಹಾಗಾಗಿ ಒಂದೊಂದು ಚೌಕವೂ ಒಂದು ಚದರ ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳ ಅಂತರ 20 ಮೀಟರ್.

ಶೀಟಿನ ಒಂದು ಜಾಗವನ್ನು ಆರು ಅಂಕಿಗಳಲ್ಲಿ ಗುರುತಿಸುವ ಆರಂಕಿಯ ಉಲ್ಲೇಖ ಹೇಳುವಾಗ ಮಕ್ಕಳು ಉತ್ತರ ದಿಕ್ಕಿನ ಅಂಕಿಯನ್ನು ಮೊದಲು ಬರೆದುಬಿಡುತ್ತಾರೆ. ಕನ್ನಡದ ಮಕ್ಕಳಿಗೆ ನಾವು ಹೇಳುವ ಸೂತ್ರ: ಮೊದಲು ಅಂಗಳ ದಾಟು, ಆಮೇಲೆ ಅಟ್ಟ ಹತ್ತು. ಎಡದಿಂದ ಬಲಕ್ಕೆ ಓದುವ ಅಂಕಿ ಅಂಗಳ, ಕೆಳಗಿನಿಂದ ಮೇಲಕ್ಕೆ ಓದುವುದು ಅಟ್ಟ. ಅಟ್ಟವಿರುವ ಮನೆಯನ್ನು ಬೇಸಿಗೆ ರಜೆಯಲ್ಲಿ ಮಾತ್ರ ನೋಡಿದ ಮಕ್ಕಳೂ ಇದನ್ನು ಮರೆಯುವುದಿಲ್ಲ. ಇನ್ನೊಂದು ಎಡವಟ್ಟು ಕಣಿವೆ ಮತ್ತು ಏಣುಗಳದ್ದು (ಏಣು ಎಂದರೆ ಬೆಟ್ಟದಿಂದ ಹೊರಚಾಚಿದ ದಿಬ್ಬ). ಎರಡರಲ್ಲೂ ರೇಖೆಗಳು ಈಟಿಯ ಮೊನೆಯ ಹಾಗೆ ಬಾಗುತ್ತವೆ. ಮೊನೆ ಎತ್ತರದ ಅಂಕಿಯ ಕಡೆ ಚಾಚಿದ್ದರೆ ಕಣಿವೆ, ತಗ್ಗಿನ ಕಡೆ ಚಾಚಿದ್ದರೆ ಏಣು. ಆ ಶೀಟಿನಲ್ಲಿ ನೀರಿಲ್ಲದ ಹಳ್ಳಗಳು ಕಪ್ಪು ಗೆರೆ, ನೀರಿರುವವು ನೀಲಿ. ಮುಂಬಯಿ ಮಕ್ಕಳಿಗೆ ಕಪ್ಪು ಗೆರೆ ಎಂದರೆ ರಸ್ತೆ! ವಿಜಯಪುರದವನಿಗೆ ಮಾತ್ರ ಒಣ ಹಳ್ಳ ಒಂದೇ ನೋಟಕ್ಕೆ ಕಾಣುತ್ತದೆ. ಬಾಗಿದ ದಾರಿಯ ಉದ್ದ ಅಳೆಯಲು ದಾರ ಬಳಸುವುದು ರೂಢಿ. ದಾರ ಎಳೆದಷ್ಟೂ ಉದ್ದವಾಗುತ್ತದೆ. ಕಾಗದದ ಪಟ್ಟಿಯನ್ನು ತಿರುವಿನಿಂದ ತಿರುವಿಗೆ ಹೊರಳಿಸುತ್ತ ಗುರುತು ಹಾಕಿದರೆ ಉತ್ತರ ಹೆಚ್ಚು ಸರಿ ಬರುತ್ತದೆ.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಕ್ರೈಸ್ತ ಸಭೆಗಳು 'ಸೃಷ್ಟಿಯ ಋತು' ಆಚರಿಸುತ್ತವೆ. ಕೊನೆಯ ದಿನ ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬ. 1979ರಲ್ಲಿ ಅವರನ್ನು ಪರಿಸರದ ಪಾಲಕ ಸಂತ ಎಂದು ಘೋಷಿಸಲಾಗಿತ್ತು. ಕ್ಯಾಥೊಲಿಕ್ ಶಾಲೆ ಎಂಬ ಗುರುತು ಭೂಗೋಳದಲ್ಲಿ ಕಾಣುವುದು ಈ ಐದು ವಾರದಲ್ಲಿ. ಕ್ಯಾಥೊಲಿಕ್ ಮಕ್ಕಳು ಕ್ಯಾಟೆಕಿಸಂ ಎಂಬ ಧರ್ಮಪಾಠಕ್ಕೆ, ಉಳಿದವರು ಮೌಲ್ಯ ಶಿಕ್ಷಣಕ್ಕೆ ಹೋಗುವ ಪೀರಿಯಡ್‌ನಲ್ಲಿ ಇಬ್ಬರಿಗೂ ಪೋಪ್ ಫ್ರಾನ್ಸಿಸ್ ಅವರ 'ಲೌದಾತೊ ಸಿ'ಯ ಕೆಲವು ಭಾಗ ಬರುತ್ತದೆ. 2015ರ ಮೇ 24ರ ದಿನಾಂಕದ, ಜೂನ್ 18ರಂದು ಹೊರಬಂದ, ಆರು ಅಧ್ಯಾಯ, 246 ಪ್ಯಾರಾಗಳ ಪತ್ರ ಅದು. ಭೂಗೋಳಕ್ಕೆ ಹೊಂದುವುದು ಮೊದಲ ಅಧ್ಯಾಯದ ನೀರಿನ ಭಾಗ, 27ರಿಂದ 31. ನೆಲವನ್ನು ಉಳು, ಕಾಯಿ ಎಂಬ ಬೈಬಲಿನ ಆದಿಕಾಂಡದ ಮಾತನ್ನು ಅದು 67ನೇ ಪ್ಯಾರಾದಲ್ಲಿ ಬಿಡಿಸುತ್ತದೆ.

ಪರಿಸರದ ಬಗ್ಗೆ ಹೇಳುವಾಗ ಇಂಗ್ಲಿಷಿನಲ್ಲಿ ಕ್ರೈಸ್ತರು ಬಳಸುವ 'ಸ್ಟೀವರ್ಡ್' ಎಂಬ ಮಾತಿಗೆ ಕನ್ನಡ ಬೈಬಲಿನಲ್ಲಿ ಹಳೆಯ ಒಳ್ಳೆಯ ಪದ ಇದೆ: ಮನೆವಾರ್ತೆಯವನು. ಲೂಕನ ಸುವಾರ್ತೆಯ ಹದಿನಾರನೇ ಅಧ್ಯಾಯದಲ್ಲಿ ಧಣಿ ಅವನನ್ನು ಕರೆದು ಕೇಳುವುದು ಭಕ್ತಿಯನ್ನಲ್ಲ, ಲೆಕ್ಕವನ್ನು. ಬೇರೆಯವರ ಆಸ್ತಿ ನೋಡಿಕೊಳ್ಳುವವನು ಎಷ್ಟು ಬಂತು, ಎಷ್ಟು ಹೋಯಿತು ಎಂದು ಹೇಳಬೇಕು. ಪೋಸ್ಟರ್ ಬಿಡಿಸುವುದು, ಘೋಷಣೆ ಕೂಗುವುದು, ಜೂನ್ 5ರಂದು ಸಸಿಯ ಜೊತೆ ಫೋಟೊ ತೆಗೆಸುವುದು ನಮಗೆ ಅಷ್ಟಾಗಿ ಹಿಡಿಸದಿರುವುದಕ್ಕೆ ಕಾರಣ ಇದೇ, ಅದರಲ್ಲಿ ಲೆಕ್ಕ ಇಲ್ಲ.

ಲೆಕ್ಕ ಶುರುವಾಗುವುದು ಕಸದಿಂದ. ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ, ಶಾಲೆ ಬಿಟ್ಟ ಮೇಲೆ, ಗ್ಲೌಸ್ ಹಾಕಿಕೊಂಡು, ತಾರ್ಪಾಲಿನ ಮೇಲೆ. ನಾಲ್ಕು ಪಾಲು: ಹಸಿ ಕಸ, ಕಾಗದ, ಪ್ಲಾಸ್ಟಿಕ್, ಉಳಿದದ್ದು. ಶೌಚಾಲಯದ ಕಸವನ್ನು ಮಕ್ಕಳು ಬಿಚ್ಚುವಂತಿಲ್ಲ, ಕಟ್ಟಿದ ಚೀಲವನ್ನು ಸಿಬ್ಬಂದಿ ಹಾಗೆಯೇ ತೂಗುತ್ತಾರೆ. ಹತ್ತು ಕಿಲೋದ ತೂಗುಹಾಕುವ ಸ್ಪ್ರಿಂಗ್ ತಕ್ಕಡಿ ಸಾಕು. ಖಾಲಿ ಬಕೆಟ್ಟಿನ ತೂಕ ಮೊದಲು ಕಳೆಯಬೇಕು, ಇದನ್ನು ಮರೆಯದ ತಂಡವನ್ನು ನಾವಿನ್ನೂ ಕಂಡಿಲ್ಲ. ಮೊತ್ತವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಬೇಕು. ಉದಾಹರಣೆಗೆ 1,200 ಮಕ್ಕಳ ಶಾಲೆಯಲ್ಲಿ ದಿನಕ್ಕೆ 18 ಕಿಲೋ ಬಂದರೆ ತಲೆಗೆ 15 ಗ್ರಾಂ.

ಕೆಡುವುದು ಮೂರು ಕಡೆ. ಮುಂಚೆಯೇ ಅಸೆಂಬ್ಲಿಯಲ್ಲಿ ಹೇಳಿಬಿಟ್ಟರೆ ಆ ವಾರ ಯಾರೂ ಕಸ ಹಾಕುವುದಿಲ್ಲ, ಎಲ್ಲ ಬ್ಯಾಗಿನಲ್ಲೇ ಮನೆಗೆ ಹೋಗುತ್ತದೆ. ಮಳೆಗೆ ನೆನೆದ ಕಾಗದ ತೂಕದಲ್ಲಿ ಮೋಸ ಮಾಡುತ್ತದೆ, ಆದ್ದರಿಂದ ಡಬ್ಬಿಗಳು ಸೂರಿನ ಕೆಳಗಿರಬೇಕು. ಮೂರನೆಯದು ಚಿಪ್ಸಿನ ಖಾಲಿ ಪ್ಯಾಕೆಟ್. ಒಂದೊಂದು ಮೂರು ನಾಲ್ಕು ಗ್ರಾಂ, ತಕ್ಕಡಿಯಲ್ಲಿ ಕಾಣುವುದೇ ಇಲ್ಲ, ಆದರೆ ಚರಂಡಿಯ ಜಾಳಿಗೆ ಕಟ್ಟುವುದು ಅದೇ. ಅದನ್ನು ತೂಗಬಾರದು, ಎಣಿಸಬೇಕು. ಮಹಾರಾಷ್ಟ್ರದಲ್ಲಿ ತೆಳು ಪ್ಲಾಸ್ಟಿಕ್ ಚೀಲ, ಥರ್ಮೋಕೋಲ್ ತಟ್ಟೆಗಳಿಗೆ 2018ರಿಂದ ನಿಷೇಧ ಇದೆ. ಪ್ಯಾಕೆಟ್ಟುಗಳು ಆ ಪಟ್ಟಿಯ ಹೊರಗಿವೆ. ಎಣಿಸಿದಾಗಲೇ ಅವು ಎಷ್ಟೆಂದು ಗೊತ್ತಾಗುವುದು.

ಹಸಿ ಕಸಕ್ಕೆ 200 ಲೀಟರಿನ ಡ್ರಮ್. ಪಕ್ಕಗಳಲ್ಲಿ ಬೆರಳು ಗಾತ್ರದ ತೂತು, ತಳದಲ್ಲಿ ತೆಂಗಿನ ಸಿಪ್ಪೆಯ ಒಂದು ಪದರ, ಅದರ ಮೇಲೆ ಒಂದು ಬಕೆಟ್ ಹಸಿ ಕಸಕ್ಕೆ ಎರಡು ಮೂರು ಬಕೆಟ್ ಒಣ ಎಲೆ. ಇಂಗಾಲ ಸಾರಜನಕಕ್ಕಿಂತ 25ರಿಂದ 30 ಪಟ್ಟು ಇರಬೇಕು ಎಂಬ ಪುಸ್ತಕದ ಮಾತು ಬಕೆಟ್ಟಿನ ಲೆಕ್ಕಕ್ಕೆ ಇಳಿದಾಗ ಹೀಗೆ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಸುರಿದರೆ ನೀರು ಹೆಚ್ಚು, ಮುಷ್ಟಿ ಬಿಚ್ಚಿದ ಕೂಡಲೆ ಉದುರಿದರೆ ಕಡಿಮೆ. ಒಳಗೆ 50ರಿಂದ 60 ಡಿಗ್ರಿ ಬಿಸಿ ಏರಿದರೆ ಸರಿ ನಡೆಯುತ್ತಿದೆ ಎಂದರ್ಥ. ವಾರಕ್ಕೊಮ್ಮೆ ತಿರುವುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ.

ಕ್ಯಾಂಟೀನ್ ನಡೆಸುವವರು ಕುಂದಾಪುರದವರು. ಉಳಿದ ಇಡ್ಲಿ, ಚಟ್ನಿ, ಸಾಂಬಾರು ಎಲ್ಲ ಡ್ರಮ್ಮಿಗೆ ಸುರಿಯುವುದನ್ನು ಕಂಡು ಅವರೇ ತಡೆದರು: "ಚಟ್ನಿ ಹಾಕ್ಬೇಡಿ ಮಾರಾಯ್ರೆ, ಅದ್ರಲ್ಲಿ ಉಪ್ಪು, ಎಣ್ಣೆ ಎರಡೂ ಉಂಟು. ಗಿಡ ಬದುಕುದಿಲ್ಲ." ಮಾತು ಸರಿ. ಉಪ್ಪು ಗೊಬ್ಬರದಲ್ಲಿ ಉಳಿದು ಬೇರಿಗೆ ತೊಂದರೆ ಕೊಡುತ್ತದೆ, ಎಣ್ಣೆ ಗಾಳಿ ಆಡದಂತೆ ಮಾಡಿ ನಾತ ಎಬ್ಬಿಸುತ್ತದೆ. ತರಕಾರಿ ಸಿಪ್ಪೆ, ಬಾಳೆ ಎಲೆ, ಚಹಾ ಚರಟ ಧಾರಾಳ ಹಾಕಬಹುದು. ಒಣ ಎಲೆಯಲ್ಲೂ ಜಾತಿ ಇದೆ. ಗುಲ್‌ಮೊಹರ್, ಮಳೆಮರದ ಪುಟ್ಟ ಎಲೆಗಳು ಒಂದರ ಮೇಲೊಂದು ಅಂಟಿ ಚಾಪೆಯಾಗುತ್ತವೆ. ಮಾವು, ಹಲಸಿನ ಎಲೆ ತೊಗಲಿನ ಹಾಗೆ, ಕತ್ತರಿಸದಿದ್ದರೆ ಆರು ತಿಂಗಳಾದರೂ ಹಾಗೆಯೇ. ಎರಡನ್ನೂ ಬೆರೆಸಬೇಕು.

ಸೆಪ್ಟೆಂಬರ್ 23ರ ಸುಮಾರಿಗೆ ಹಗಲು ರಾತ್ರಿ ಸಮ. ಅಂದು ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಅತ್ಯಂತ ಚಿಕ್ಕ ನೆರಳನ್ನು ಅಳೆದರೆ ಊರಿನ ಅಕ್ಷಾಂಶ ಸಿಗುತ್ತದೆ. ಅಂಧೇರಿಯ ಕಡೆ ನೆರಳು 34ರಿಂದ 35 ಸೆಂ.ಮೀ., ಬಿಸಿಲು ಕೋಲಿನ ಜೊತೆ ಮಾಡುವ ಕೋನ 19 ಡಿಗ್ರಿಯ ಮೇಲೆ ಚೂರು, ಅಕ್ಷಾಂಶ ಅದೇ. ಗಡಿಯಾರದ ಹನ್ನೆರಡಕ್ಕೆ ಅಳೆಯುವುದು ತಪ್ಪು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮುಂಬಯಿ ಅದರಿಂದ ಸುಮಾರು ಹತ್ತು ಡಿಗ್ರಿ ಪಶ್ಚಿಮಕ್ಕೆ. ಸೂರ್ಯ ನೆತ್ತಿಗೆ ಬರುವುದು ಅಂದು 12.31ರ ಹೊತ್ತಿಗೆ. ಹನ್ನೆರಡು ಕಾಲರಿಂದ ಮುಕ್ಕಾಲರವರೆಗೆ ಎರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಟ್ಟರೆ ಗಡಿಯಾರವನ್ನು ನಂಬಬೇಕಾಗಿಯೂ ಇಲ್ಲ. ಕೋಲು ನೆಟ್ಟಗಿರಬೇಕು, ಒಂದು ನೂಲಿಗೆ ಕಲ್ಲು ಕಟ್ಟಿ ನೋಡಬೇಕು. ಒಂದೇ ಡಿಗ್ರಿ ವಾಲಿದರೆ 111 ಕಿ.ಮೀ. ತಪ್ಪು, ಶಾಲೆ ಉತ್ತರದ ಡಹಾಣು ಊರನ್ನೂ ದಾಟಿ ಹೋಗುತ್ತದೆ.

ಇದರ ನಿಜವಾದ ಮಜಾ ಊರಿಗೆ ಫೋನ್ ಮಾಡಿದಾಗ. ಉಡುಪಿಯಲ್ಲಿರುವ ದೊಡ್ಡಪ್ಪನ ಮಗನ ಕೈಯಲ್ಲಿ ಅದೇ ದಿನ ಒಂದು ಮೀಟರಿನ ಕೋಲಿನ ನೆರಳು ಅಳೆಸಿದರೆ ಅಲ್ಲಿ ಬರುವುದು 24 ಸೆಂ.ಮೀ.ಗೂ ಚೂರು ಕಡಿಮೆ, ಅದೂ ಇಲ್ಲಿಗಿಂತ ಏಳೆಂಟು ನಿಮಿಷ ಮೊದಲು. ನೆರಳಿನ ವ್ಯತ್ಯಾಸದಿಂದ ಅಕ್ಷಾಂಶದ ವ್ಯತ್ಯಾಸ 5.8 ಡಿಗ್ರಿ, ಸಮಯದ ವ್ಯತ್ಯಾಸದಿಂದ ರೇಖಾಂಶದ್ದು ಸುಮಾರು 1.9. ಅಟ್ಲಾಸಿನಲ್ಲಿ ಎರಡು ಅಕ್ಷಾಂಶಗಳ ನಡುವಿನ ನೇರ ಉತ್ತರ-ದಕ್ಷಿಣ ದೂರ ಅಳೆದರೆ 640 ಕಿ.ಮೀ. ಆಸುಪಾಸು. 640ನ್ನು 360ರಿಂದ ಗುಣಿಸಿ 5.8ರಿಂದ ಭಾಗಿಸಿದರೆ ಭೂಮಿಯ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರಿನ ಹತ್ತಿರ ಬಂದು ನಿಲ್ಲುತ್ತದೆ. ಕೊಂಕಣ ರೈಲಿನ ಟಿಕೆಟ್ಟಿನಲ್ಲಿರುವ ದೂರ ಹಾಕಿದರೆ ಭೂಮಿ ಊದಿಕೊಳ್ಳುತ್ತದೆ, ರೈಲು ನೇರ ಹೋಗುವುದಿಲ್ಲವಲ್ಲ. ಸೆಪ್ಟೆಂಬರಿನಲ್ಲಿ ಮೋಡ ಇರುವುದೇ ಹೆಚ್ಚು. ಆಗ ಅಕ್ಟೋಬರ್ 10ರ ಸುಮಾರಿಗೆ ಅಳೆದು, ಸೂರ್ಯ ದಕ್ಷಿಣಕ್ಕೆ ಸರಿದ ಸುಮಾರು 6.5 ಡಿಗ್ರಿಯನ್ನು ಕಳೆದರೆ ಆಯಿತು. ನೆರಳೇ ಇಲ್ಲದ ದಿನ ಮುಂಬಯಿಗೆ ಎರಡು ಬಾರಿ ಬರುತ್ತದೆ, ಮೇ ಮಧ್ಯದಲ್ಲಿ ಮತ್ತು ಜುಲೈ ಕೊನೆಗೆ. ಒಂದು ರಜೆಯಲ್ಲಿ, ಇನ್ನೊಂದು ಮಳೆಯಲ್ಲಿ. ಪಂಚಾಂಗ ಬರೆದವರು ಶಾಲೆಯನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ!

ದೀಪಾವಳಿ ರಜೆಯ ಆಚೀಚೆ ಹೊರಗಿನ ಕೆಲಸ. ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಅರ್ಧ ದಿನ ಸಾಕು. 60 ಮೀಟರಿನ ಎತ್ತರ, ಕಂಬ ಕಂಬವಾಗಿ ಸೀಳಿದ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದಿನ ದಖನ್ ಲಾವಾದ ಕಾಲದ್ದು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ನೋಡಿದ ಮಕ್ಕಳು ಎರಡೂ ಒಂದೇ ಎನ್ನುತ್ತಾರೆ. ಆಕಾರ ಒಂದೇ, ಹುಟ್ಟು ಬೇರೆ. ಮಲ್ಪೆಯದ್ದು ರಯೋಲೈಟ್ ಬಗೆಯ ಕಲ್ಲು, ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲಕ್ಕೆ ಸೇರಿದ್ದು.

ನದಿಯ ಅಳತೆಗೆ ಊರಿನ ಮೀಠಿ ನದಿ ಬೇಡ. ವಿಹಾರ್, ಪವಯಿ ಕೆರೆಗಳ ಕೋಡಿಯಿಂದ ಮಾಹಿಮ್ ಖಾಡಿಯವರೆಗೆ (ಖಾಡಿ ಎಂದರೆ ಸಮುದ್ರದ ನೀರು ಒಳಬರುವ ಕಿರಿದಾದ ಚಾಚು) ಸುಮಾರು 18 ಕಿ.ಮೀ. ಹರಿಯುವ ಅದನ್ನು ಸೇತುವೆಯ ಮೇಲಿಂದ ನೋಡಿ ನಕ್ಷೆಯಲ್ಲಿ ಗುರುತಿಸಿದರೆ ಸಾಕು, ಆ ನೀರಿಗೆ ಮಕ್ಕಳನ್ನು ಇಳಿಸುವಂತಿಲ್ಲ. ಅಳತೆಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗಿನ ದಹಿಸರ್ ನದಿ, ಅರಣ್ಯ ಇಲಾಖೆಯ ಲಿಖಿತ ಅನುಮತಿಯ ಜೊತೆ. ಮೊಣಕಾಲಿಗಿಂತ ಕಡಿಮೆ ನೀರಿರುವ, ನೇರವಾಗಿ ಹರಿಯುವ ಹತ್ತು ಮೀಟರ್ ಆರಿಸಿ ಎರಡೂ ತುದಿಗೆ ಹಗ್ಗ ಕಟ್ಟಬೇಕು. ಮೇಲಿನ ಹಗ್ಗಕ್ಕಿಂತ ಸ್ವಲ್ಪ ಹಿಂದೆ ಕಿತ್ತಳೆ ಹಣ್ಣು ಬಿಟ್ಟು ಹಗ್ಗದಿಂದ ಹಗ್ಗಕ್ಕೆ ಸೆಕೆಂಡು ಎಣಿಸಬೇಕು. ಥರ್ಮೋಕೋಲ್ ಚೂರನ್ನು ಗಾಳಿ ತಳ್ಳುತ್ತದೆ, ಕಿತ್ತಳೆ ಮುಕ್ಕಾಲುಪಾಲು ಮುಳುಗಿರುವುದರಿಂದ ನೀರಿನ ಜೊತೆಗೇ ಹೋಗುತ್ತದೆ. ಐದು ಸಲದ ಸರಾಸರಿ. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಓಡುತ್ತದೆ, ಆದ್ದರಿಂದ 0.85ರಿಂದ ಗುಣಿಸಬೇಕು. ಅಗಲ 4 ಮೀಟರ್, ಸರಾಸರಿ ಆಳ 0.3, ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್ ಇದ್ದರೆ ಹರಿವು ಸೆಕೆಂಡಿಗೆ 0.41 ಘನ ಮೀಟರ್, ಅಂದರೆ 410 ಲೀಟರಿನ ಹತ್ತಿರ. ಕರಗಿದ ಆಮ್ಲಜನಕ ಅಳೆಯುವ ಕಿಟ್ ಇದ್ದರೆ, 28 ಡಿಗ್ರಿಯ ಶುದ್ಧ ನೀರು ಹಿಡಿದುಕೊಳ್ಳಬಲ್ಲದ್ದು ಲೀಟರಿಗೆ 7.8 ಮಿಲಿಗ್ರಾಂ ಎಂಬುದನ್ನು ನೆನಪಿಡಬೇಕು. ಅದಕ್ಕಿಂತ ಬಹಳ ಮೇಲೆ ಬಂದರೆ ಬಾಟಲಿ ತುಂಬುವಾಗ ಗುಳ್ಳೆ ಸೇರಿರಬಹುದು. ನೀರಿನೊಳಗೆ ಮುಳುಗಿಸಿಯೇ ಮುಚ್ಚಳ ಹಾಕಬೇಕು.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹೋಗುವ ದಿನವನ್ನು ತಿಥಿ ನೋಡಿ ಇಡುತ್ತೇವೆ. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಮಧ್ಯಾಹ್ನ ಮತ್ತು ನಡುರಾತ್ರಿ ಹನ್ನೆರಡರ ಹೊತ್ತಿಗೆ, ಇಳಿತ ಬೆಳಿಗ್ಗೆ ಸಂಜೆ ಆರರ ಹೊತ್ತಿಗೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತ ಚೌತಿ, ಪಂಚಮಿಗೆ ಬೆಳಗಿನ ಇಳಿತ ಒಂಬತ್ತು, ಹತ್ತರ ನಡುವೆ ಬೀಳುತ್ತದೆ. ಬಸ್ಸು ತಲುಪುವುದೂ ಆ ಹೊತ್ತಿಗೇ. ಮೊಗವೀರರ ಮನೆಯ ಮಕ್ಕಳಿಗೆ ಈ ಲೆಕ್ಕ ಅಜ್ಜನಿಂದಲೇ ಬಂದಿರುತ್ತದೆ. ಆದರೂ ಹೊರಡುವ ಮುನ್ನ ಉಬ್ಬರವಿಳಿತದ ಕೋಷ್ಟಕ ನೋಡಲೇಬೇಕು. ಇದೇ ಲೆಕ್ಕವನ್ನು ಮಳೆಯ ಪುಸ್ತಕದ ಪಕ್ಕ ಇಟ್ಟರೆ ಊರು ಮುಳುಗುವುದು ಯಾವಾಗ ಎಂದು ಕಾಣುತ್ತದೆ. ಉಬ್ಬರ ನಾಲ್ಕೂವರೆ ಮೀಟರ್ ದಾಟಿದಾಗ ಚರಂಡಿಗಳ ಬಾಯಿ ಸಮುದ್ರದ ಮಟ್ಟಕ್ಕಿಂತ ಕೆಳಗಾಗುತ್ತದೆ, ಮಳೆ ನೀರಿಗೆ ಹೋಗಲು ದಾರಿ ಇರುವುದಿಲ್ಲ. 2005ರ ಆ ಮಧ್ಯಾಹ್ನವೂ ಉಬ್ಬರ ಇತ್ತು.

ಐರೋಲಿಯಲ್ಲಿ ರಾಜ್ಯದ ಮ್ಯಾಂಗ್ರೋವ್ ಸೆಲ್ ನಡೆಸುವ ಕರಾವಳಿ ಜೀವವೈವಿಧ್ಯ ಕೇಂದ್ರ ಶಾಲೆಗಳಿಗೆ ಅನುಕೂಲ. ಅಲ್ಲಿಂದ ಕಾಣುವ ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾಗಿ 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪಿವಿಸಿ ಪೈಪಿನ ನಾಲ್ಕು ತುಂಡಿಗೆ ಎಲ್ಬೋ ಜೋಡಿಸಿದರೆ ಒಂದು ಮೀಟರಿನ ಚೌಕ ಸಿದ್ಧ. ಅದನ್ನು ಕೆಸರಿನ ಮೇಲಿಟ್ಟು ಅವಿಸೆನ್ನಿಯಾ ಎಂಬ ಕಾಂಡ್ಲಾ ಗಿಡದ, ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳನ್ನು ಎಣಿಸಬೇಕು. ಪೈಪಿನ ಮೇಲೇ ಬಿದ್ದವನ್ನು ಏನು ಮಾಡುವುದು ಎಂಬ ಜಗಳ ಖಂಡಿತ. ಎರಡು ಬದಿಯವನ್ನು ಎಣಿಸಿ, ಉಳಿದ ಎರಡು ಬದಿಯವನ್ನು ಬಿಡಬೇಕು. ನೀರಿನ ಅಂಚಿನಿಂದ ದಡದ ಕಡೆ ಐದು ಐದು ಮೀಟರಿಗೆ ಒಂದು ಚೌಕ, ಪ್ರತಿಯೊಂದರಲ್ಲೂ ಬೇರು, ಏಡಿ ಬಿಲ, ಪ್ಲಾಸ್ಟಿಕ್ ಚೂರಿನ ಲೆಕ್ಕ. ಎಲೆಯ ಮೇಲೆ ಬೆರಳಾಡಿಸಿದರೆ ಉಪ್ಪಿನ ಹರಳು ತಾಗುತ್ತದೆ. ನಾಲಿಗೆಗೆ ಇಟ್ಟು ನೋಡು ಎಂದು ಪುಸ್ತಕ ಹೇಳುತ್ತದೆ, ಈ ಖಾಡಿಯಲ್ಲಿ ಬೇಡ. ಕಾಲಿಗೆ ಹಿಮ್ಮಡಿ ಮುಚ್ಚುವ ಹಳೆಯ ಶೂ ಇರಲಿ, ಚಪ್ಪಲಿಯನ್ನು ಕೆಸರು ಇಟ್ಟುಕೊಳ್ಳುತ್ತದೆ.

ಜನವರಿಯಲ್ಲಿ ವರದಿ ಬರೆಯುವಾಗ ಹತ್ತು ಪುಟಕ್ಕಿಂತ ಹೆಚ್ಚು ಬೇಡ ಎನ್ನುತ್ತೇವೆ. ಇಂಟರ್ನೆಟ್ಟಿನಿಂದ ಇಳಿಸಿದ ಆನೆಯ ಚಿತ್ರಕ್ಕೆ ಅಂಕ ಇಲ್ಲ. ಅಳೆದ ಅಂಕಿ, ಅದರ ಗ್ರಾಫ್, ಎಲ್ಲಿ ತಪ್ಪಿರಬಹುದು ಎಂಬ ಒಂದು ಪ್ಯಾರಾ, ಇಷ್ಟಕ್ಕೇ. ಈ ಕೊನೆಯ ಪ್ಯಾರಾ ಬರೆಸುವುದೇ ಕಷ್ಟ. ತಪ್ಪು ಒಪ್ಪಿಕೊಂಡರೆ ಅಂಕ ಹೋಗುತ್ತದೆ ಎಂಬ ಹೆದರಿಕೆ ಮಕ್ಕಳಿಗಿಂತ ಪಾಲಕರಲ್ಲಿ ಹೆಚ್ಚು.

ಪರೀಕ್ಷೆ ಮುಗಿಸಿದ ಹತ್ತನೆಯವರು ಹೋದ ಮೇಲೆ ಮಾರ್ಚಿನಲ್ಲಿ ಎರಡು ಕೆಲಸ ಉಳಿದಿರುತ್ತವೆ. ಬಿದ್ದ ಎಲೆಗಳನ್ನು ಗುಡಿಸಿ ಗೋಣಿಚೀಲದಲ್ಲಿ ತುಂಬಿ ಮೆಟ್ಟಿಲ ಕೆಳಗೆ ಇಡುವುದು ಒಂದು, ಜೂನಿನಲ್ಲಿ ಒಣ ಎಲೆ ಹುಡುಕಿದರೂ ಸಿಗುವುದಿಲ್ಲ. ಇನ್ನೊಂದು, ಆಲಿಕೆಯನ್ನು ಮತ್ತೆ ಅಳೆಯುವುದು. ಬಿಸಿಲಿಗೆ ಪ್ಲಾಸ್ಟಿಕ್ ಸೊಟ್ಟಗಾಗಿ ಬಾಯಿ 9.6 ಸೆಂ.ಮೀ.ಗೆ ಇಳಿದಿದ್ದರೆ, ಮಿಲಿಮೀಟರಿಗೆ 7.85 ಅಲ್ಲ, 7.24 ಮಿಲಿಲೀಟರ್. ಆ ಅಂಕಿಯನ್ನು ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆದು, ಕ್ಯಾನನ್ನು ತೊಳೆದು ಬೋರಲು ಹಾಕುವುದು.